ಅಂಟುವಾಳದ ನೀರು ಕೊನೆಗೂ ಕೆಡದೆ ನಿಂತಿತು: ಪಾತ್ರೆ ಲಿಕ್ವಿಡ್ ಬಿಟ್ಟ ನನ್ನ ಅನುಭವ

ಅಂಟುವಾಳದ ನೀರು ಮೂರು ದಿನಕ್ಕೆ ಹುಳಿಯುತ್ತದೆ, ಜಿಡ್ಡು ಬಿಡಿಸುವುದಿಲ್ಲ, ಬಚ್ಚಲಿನ ಬಿಳಿ ಕಲೆಗೆ ಆಸಿಡ್ಡೇ ಗತಿ. ಈ ಮೂರು ಮಾತು ಕೇಳಿ ಕೇಳಿ ಸಾಕಾಗಿತ್ತು. ಏನೂ ಹಾಕದೆ ಇಟ್ಟರೆ ಮೊದಲನೆಯದು ನಿಜ. ಎರಡನೆಯದು ಅರ್ಧ ನಿಜ. ಮೂರನೆಯದು ಸುಳ್ಳು. ಈಗ ಅಡುಗೆಮನೆ ಗೂಡಿನಲ್ಲಿರುವ ಬಾಟಲಿಗೆ ನಾಲ್ಕು ತಿಂಗಳು ದಾಟಿದೆ. ಮುಚ್ಚಳ ತಿರುಗಿಸಿದರೆ ಗ್ಯಾಸಿಲ್ಲ, ಹೆಂಡದ ವಾಸನೆಯಿಲ್ಲ, ಬೂಷ್ಟಿಲ್ಲ. ಫ್ರಿಜ್ಜಿನ ಮುಖವನ್ನೇ ಅದು ನೋಡಿಲ್ಲ.

ಅಂಗಡಿ ಲಿಕ್ವಿಡ್ ಬಿಡಲು ನೊರೆಗಿಂತ ದೊಡ್ಡ ಕಾರಣ ಅದನ್ನು ಕೆಡದಂತೆ ಇಡುವ ಐಸೋಥಯಾಜೊಲಿನೋನ್ ಗುಂಪಿನ ಪದಾರ್ಥಗಳು. ಇವುಗಳಲ್ಲಿ ಮೀಥೈಲ್‌ಐಸೋಥಯಾಜೊಲಿನೋನನ್ನು ಅಮೆರಿಕದ ಚರ್ಮ ಅಲರ್ಜಿ ವೈದ್ಯರ ಸಂಘ 2013ರಲ್ಲಿ 'ವರ್ಷದ ಅಲರ್ಜನ್' (ಅಲರ್ಜಿ ತರುವ ವಸ್ತು) ಎಂದು ಸಾರಿತು. ಹಚ್ಚಿಕೊಂಡು ಹಾಗೇ ಬಿಡುವ ಕ್ರೀಮುಗಳಲ್ಲಿ ಯುರೋಪಿಯನ್ ಒಕ್ಕೂಟ 2017ರಿಂದ ಅದನ್ನು ನಿಷೇಧಿಸಿದೆ. ತೊಳೆದು ಹೋಗುವ ಸಾಮಾನಿನಲ್ಲಿ ಅಷ್ಟಿಷ್ಟು ಇರಬಹುದಂತೆ. ದಿನಕ್ಕೆ ಮೂರು ಹೊತ್ತು ಪಾತ್ರೆ ತಿಕ್ಕುವ ಕೈಗೆ ತೊಳೆದು ಹೋಗುವುದು ಯಾವುದು, ಉಳಿಯುವುದು ಯಾವುದು? ಬಾಟಲಿಯ ಹಿಂದೆ ಪೂರ್ತಿ ಪಟ್ಟಿ ಹಾಕುವವರೂ ಅಪರೂಪ. ನೊರೆಯ ವಿಚಾರವೋ, 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆ ಅದನ್ನು ರಸ್ತೆಗೇ ತಂದು ಸುರಿದಿತ್ತು.

ಮೊದಲು ಕಾಯಿ. ಗ್ರಂಧಿಗೆ ಅಂಗಡಿಯಲ್ಲಿ ಬೀಜ ಸಮೇತ ಕೆಜಿಗೆ ಸುಮಾರು 120 ರೂಪಾಯಿ, ಬೀಜ ತೆಗೆದದ್ದು 200ರ ಆಸುಪಾಸು. ಬೀಜವೇ ಹತ್ತಿರ ಹತ್ತಿರ ಅರ್ಧ ತೂಕ, ಅದರಲ್ಲಿ ನೊರೆಯಿಲ್ಲ. ಲೆಕ್ಕ ಹಾಕಿದರೆ ಬೀಜ ತೆಗೆದದ್ದೇ ಅಗ್ಗ, ಕುಟ್ಟುವ ಕೆಲಸವೂ ತಪ್ಪುತ್ತದೆ. ಹಿಚುಕಿದರೆ ಅಂಟಂಟಾಗಿ ಜೇನುಬಣ್ಣ ಇರಬೇಕು. ಒಣಗಿ ಕಪ್ಪಾಗಿ ಪುಡಿಯಾಗುವ ಹಳೇ ಮಾಲು ಬೇಡ.

250 ಗ್ರಾಂ ಸಿಪ್ಪೆಯನ್ನು 2 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 25 ನಿಮಿಷ ಕುದಿಸುತ್ತೇನೆ. ಸ್ಟೀಲ್ ಪಾತ್ರೆಯೇ ಆಗಬೇಕು, ಅದೂ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಇದು ಹಾಲಿಗಿಂತ ಬೇಗ ಉಕ್ಕುತ್ತದೆ, ಉಕ್ಕಿದರೆ ಬರ್ನರ್ ತೂತೆಲ್ಲ ಮುಚ್ಚುತ್ತದೆ. ಆರಿದ ಮೇಲೆ ಕಿವುಚಿ, ಹಳೇ ಪಂಚೆಯಲ್ಲಿ ಎರಡು ಸಲ ಸೋಸಬೇಕು. ಸಿಪ್ಪೆಗೆ ಮತ್ತೆ 1 ಲೀಟರ್ ನೀರು ಹಾಕಿ 10 ನಿಮಿಷದ ಎರಡನೇ ಕುದಿ. ಎರಡೂ ಸೇರಿಸಿ 2 ಲೀಟರಿಗೆ ಇಳಿಸುವುದು. ಎರಡನೇ ಕುದಿಗೆ ನಾನು ಹಾಕುವ ಒಂದು ಹಿಡಿ ಸಾಮಾನು ನನ್ನಲ್ಲೇ ಇರಲಿ. ಅದಿಲ್ಲದೆಯೂ ಕೆಲಸ ನಡೆಯುತ್ತದೆ, ನೊರೆ ಸ್ವಲ್ಪ ಬೇಗ ಇಳಿಯುತ್ತದೆ ಅಷ್ಟೆ.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಸೋಲು ಶುರುವಾಗುವುದು ಇದರ ನಂತರ.

ಏನೂ ಹಾಕದ ಮೊದಲ ಬ್ಯಾಚ್ ನಾಲ್ಕನೇ ದಿನ ಉಬ್ಬಿತು. ಮುಚ್ಚಳ ತೆಗೆದಾಗ ಅರ್ಧ ಲೀಟರ್ ಗೋಡೆಗೆ ಹೋಯಿತು. ಬರೀ ಸೋಡಿಯಂ ಬೆಂಜೊಯೇಟ್ (ಜಾಮ್, ಸ್ಕ್ವಾಷ್ ಕೆಡದಂತೆ ಹಾಕುವ ಪುಡಿ) ಹಾಕಿದ್ದು ಮೂರು ವಾರ ತಾಳಿ ಬೂಷ್ಟು ಹಿಡಿಯಿತು. ಬರೀ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹರಳು, ಹಾಕಿದ್ದು ಐದು ವಾರಕ್ಕೆ ಮೇಲೆ ಬಿಳಿ ಪೊರೆ ಕಟ್ಟಿತು. ಸ್ಕ್ವಾಷ್ ಮಾಡುವವರಿಗೆ ಇದರ ಗುಟ್ಟು ಗೊತ್ತಿದೆ: ಬೆಂಜೊಯೇಟ್ ಕೆಲಸ ಮಾಡುವುದು ಹುಳಿಯಲ್ಲಿ ಮಾತ್ರ. ಹುಳಿಯ ಅಳತೆ ಪಿಎಚ್, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 4.2ರಲ್ಲಿ ಹಾಕಿದ್ದರ ಅರ್ಧ ದುಡಿಯುತ್ತದೆ, 3.2ಕ್ಕೆ ಇಳಿಸಿದರೆ ಹತ್ತರಲ್ಲಿ ಒಂಬತ್ತು ಪಾಲು. ಅಂಟುವಾಳದ ನೀರು ತಾನಾಗಿಯೇ ನಾಲ್ಕೂವರೆಯ ಹತ್ತಿರ ನಿಲ್ಲುತ್ತದೆ. ಅಂದರೆ ಸರಿಯಾಗಿ ಕೈಕೊಡುವ ಜಾಗದಲ್ಲೇ.

ಸರಿ, ಎರಡನ್ನೂ ಹಾಕಿದರೆ ಮುಗಿಯಿತಲ್ಲ? ಐದನೇ ಬ್ಯಾಚೂ ಹೋಯಿತು. ನಿಂಬೆ ಉಪ್ಪು ಮೊದಲು ಕರಗಿಸಿ, ಮೇಲೆ ಬೆಂಜೊಯೇಟ್ ಪುಡಿಯನ್ನು ಹಾಗೇ ಸುರಿದಿದ್ದೆ. ಪುಡಿ ಬಿದ್ದ ಜಾಗದಲ್ಲೇ ಬೆಂಜೊಯಿಕ್ ಆಸಿಡ್ ಆಗಿ ಬಿಳಿ ಹರಳು ಕಟ್ಟಿ ತಳಕ್ಕೆ ಇಳಿಯಿತು. ಮೇಲಿನ ನೀರಿಗೆ ಕಾವಲಿಲ್ಲ. ಕ್ರಮ ಉಲ್ಟಾ ಆಗಬೇಕು. 2 ಲೀಟರಿಗೆ 4 ಗ್ರಾಂ ಬೆಂಜೊಯೇಟನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಕರಗಿಸಿ, ಕಷಾಯ ಉಗುರು ಬೆಚ್ಚಗಿರುವಾಗ ಬೆರೆಸುವುದು. ಆಮೇಲೆ 15 ಗ್ರಾಂ ನಿಂಬೆ ಉಪ್ಪನ್ನು ಬೇರೆ ಲೋಟದಲ್ಲಿ ಕರಗಿಸಿ, ತಿರುವುತ್ತಾ ಎಳೆಯಾಗಿ ಬಿಡುವುದು. ಪಿಎಚ್ 3.5ಕ್ಕಿಂತ ಕೆಳಗೆ ಬರುವವರೆಗೆ ಚಿಟಿಕೆ ಚಿಟಿಕೆ ಹೆಚ್ಚಿಸಬೇಕು, ನನಗೆ ಸಾಮಾನ್ಯವಾಗಿ 20 ಗ್ರಾಂ ಹಿಡಿಯುತ್ತದೆ. ಕಂದು ನೀರಿನಲ್ಲಿ ಪಿಎಚ್ ಕಾಗದದ ಬಣ್ಣ ನಂಬಬೇಡಿ. ತುದಿ ಮಾತ್ರ ತಾಗಿಸಿ, ತೇವ ಹರಡಿದ ಅಂಚಿನ ಬಣ್ಣ ಓದಬೇಕು. 800 ರೂಪಾಯಿಯ ಮೀಟರ್ ಇದ್ದರೆ ಪಿಎಚ್ 4.01 ಎಂದು ಗೊತ್ತಿರುವ ಬಫರ್ ದ್ರಾವಣದಲ್ಲಿ ಒಮ್ಮೆ ಸರಿಮಾಡಿಕೊಂಡು ಅಳೆಯಿರಿ.

ನಿಂಬೆ ಉಪ್ಪಿನ ಬದಲು ನಿಂಬೆರಸ ಹಿಂಡುವ ಆಸೆ ಬರುತ್ತದೆ, ಬೇಡ. ಅದರಲ್ಲಿರುವ ವಿಟಮಿನ್ ಸಿ ಬೆಂಜೊಯೇಟಿನ ಜತೆ ಸೇರಿ ಅಲ್ಪ ಪ್ರಮಾಣದಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಹುಟ್ಟಿಸಬಲ್ಲದು. ಒಂದು ವಿಷ ಬಿಟ್ಟು ಇನ್ನೊಂದು ತಂದುಕೊಂಡಂತೆ. ಕಿತ್ತಳೆ ಸಿಪ್ಪೆ, ಬೆಲ್ಲ ಹುಳಿಯಿಸಿ ಮಾಡುವ ಬಯೋಎಂಜೈಮನ್ನೂ ಇದೇ ಕಾರಣಕ್ಕೆ ಈ ಬಾಟಲಿಗೆ ಸೇರಿಸುವುದಿಲ್ಲ, ಅದು ನೆಲಕ್ಕೆ ಇರಲಿ. ಬೆಂಜೊಯೇಟ್ ಹಾಕಿದ ಮೇಲೆ ಇದು 'ಕೆಮಿಕಲ್ ಫ್ರೀ' ಹೇಗೆ ಎನ್ನುವವರಿಗೆ ಉತ್ತರ: ಅಲ್ಲ. ಹಾಗೆಂದು ನಾನು ಹೇಳಿಯೂ ಇಲ್ಲ. ಜಾಮ್ ಸ್ಕ್ವಾಷಿಗೆ ಹಾಕುವಂಥದ್ದನ್ನು ಲೀಟರಿಗೆ 2 ಗ್ರಾಂ ಹಾಕಿದ್ದೇನೆ.

ಗಟ್ಟಿ ಮಾಡಲು ಹೋಗಿ ಒಂದಿಷ್ಟು ದುಡ್ಡು ಕಳೆದೆ. ಉಪ್ಪು ಹಾಕಿದರೆ ಗಟ್ಟಿಯಾಗುವುದು ಅಂಗಡಿ ಲಿಕ್ವಿಡ್ ಮಾತ್ರ, ಅಂಟುವಾಳಕ್ಕೆ ಉಪ್ಪು ಏನೂ ಮಾಡದು. ಅಗಸೆಬೀಜದ ಲೋಳೆ, ದಾಸವಾಳದ ಎಲೆ ಎರಡೂ ಬೂಷ್ಟಿಗೆ ಊಟ ಹಾಕಿದಂತೆ. ಕೊನೆಗೆ ಸಾಸ್, ಐಸ್‌ಕ್ರೀಮ್ ಗಟ್ಟಿಮಾಡಲು ಹಾಕುವ ಕ್ಸಾಂಥನ್ ಗಮ್ ಪುಡಿ, ಲೀಟರಿಗೆ 3 ಗ್ರಾಂ. ನೇರ ಉದುರಿಸಿದರೆ ಮೀನಿನ ಕಣ್ಣಿನಂಥ ಗಂಟು, ಮೊದಲು ಎರಡು ಚಮಚ ಗ್ಲಿಸರಿನ್‌ನಲ್ಲಿ ಕಲೆಸಿಕೊಳ್ಳಬೇಕು. ನೀರಾಗಿದ್ದರೂ ಅಡ್ಡಿಯಿಲ್ಲ ಎನ್ನುವವರು ಈ ಖರ್ಚು ಉಳಿಸಿ.

ಬಾಟಲಿ, ಪಂಪು ಎರಡನ್ನೂ ಕುದಿನೀರಿನಲ್ಲಿ ತೊಳೆದು ಒಣಗಿಸಿ. ಹಳೆಯದು ಎರಡು ಇಂಚು ಉಳಿದಿರುವಾಗ ಮೇಲೆ ಹೊಸದು ಸುರಿಯುವ ಚಾಳಿ ಇದ್ದರೆ ಮೇಲಿನ ಲೆಕ್ಕವೆಲ್ಲ ನೀರುಪಾಲು.

ಜಿಡ್ಡಿನ ಮಾತು. ತೆಂಗಿನೆಣ್ಣೆ, ತುಪ್ಪ ಹೆಪ್ಪುಗಟ್ಟಿದ ಬಾಣಲೆಗೆ ಇದು ಒಂದೇ ಸಾಲದು, ಒಪ್ಪುತ್ತೇನೆ. ಮೊದಲು ಸೀಗೆಪುಡಿಯೋ ಹಳೇ ಕಡ್ಲೆಹಿಟ್ಟೋ ಉದುರಿಸಿ ಒರೆಸಿ ತೆಗೆಯಬೇಕು. ತೀರಾ ಮೊಂಡು ಇದ್ದರೆ 5 ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಅರ್ಧ ಗಂಟೆ. ಕೈಗವಸು ಇರಲಿ. ಅಲ್ಯೂಮಿನಿಯಂ, ಇಂಡಾಲಿಯಂ ಪಾತ್ರೆಗೆ ಸೋಡಾ ತಾಗಿಸಬೇಡಿ, ಕಪ್ಪಾಗುತ್ತದೆ. ಸೋಡಾ ನೀರು ತೊಳೆದ ಮೇಲೆಯೇ ಅಂಟುವಾಳ, ಬೆರೆಸಿದರೆ ಹುಳಿ ಕ್ಷಾರ ಒಂದನ್ನೊಂದು ತಿಂದುಹಾಕುತ್ತವೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದರದ್ದೇ ಮೇಲುಗೈ: ಸೋಪಿನ ಹಾಗೆ ಗಡಸು ನೀರಿನಲ್ಲಿ ಬಿಳಿ ಗಷ್ಟು ಕಟ್ಟುವುದಿಲ್ಲ. ಒಂದು ಎಚ್ಚರಿಕೆ, ಬಾಟಲಿಯ ಕೆಳಗೆ ತಟ್ಟೆ ಇಡಿ. ಕಡಪ ಕಲ್ಲಿನ ಕಟ್ಟೆಯ ಮೇಲೆ ಸೋರಿದ ಹನಿ ರಾತ್ರಿಯಿಡೀ ನಿಂತರೆ ಹೊಳಪು ಹೋಗಿ ಉಂಗುರ ಬೀಳುತ್ತದೆ. ಶಹಾಬಾದ್ ಕಲ್ಲು, ಮಾರ್ಬಲ್, ಮೊಸಾಯಿಕ್, ಎಲ್ಲಕ್ಕೂ ಇದೇ ಗತಿ.

ಟಾಯ್ಲೆಟ್ ಆಸಿಡ್ ಬದಲು 1 ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು. ಕಮೋಡಿನಲ್ಲಿ ನಿಂತ ನೀರನ್ನು ಬ್ರಷ್ಷಿನಿಂದ ಒಳಕ್ಕೆ ತಳ್ಳಿ ಖಾಲಿ ಮಾಡದೆ ಹಾಕಿದರೆ ತೆಳುವಾಗಿ ವ್ಯರ್ಥ, ಬಹಳಷ್ಟು ಜನ ಸೋಲುವುದು ಇಲ್ಲೇ. ರಾತ್ರಿ ಹಾಕಿ ಬೆಳಿಗ್ಗೆ ಉಜ್ಜುವುದು. ವರ್ಷಗಟ್ಟಲೆಯ ಪದರಕ್ಕೆ ಮೂರು ರಾತ್ರಿ ಹಿಡಿಯಿತು. ಗೋಡೆಯ ಗ್ಲೇಜ್ಡ್ ಟೈಲ್ಸಿಗೆ ಟಿಶ್ಯೂ ಅಂಟಿಸಿ ಅದರ ಮೇಲೆ ಸಿಂಪಡಿಸಿ 20 ನಿಮಿಷ, ನಲ್ಲಿಗೆ ಹತ್ತೇ ನಿಮಿಷ. ಬ್ಲೀಚಿಂಗ್ ಪೌಡರ್ ಹಾಕಿದ ದಿನ ಇದನ್ನು ಮುಟ್ಟಲೇಬಾರದು, ಆಸಿಡ್ಡಿನ ಹಾಗೆಯೇ ಇದೂ ಕ್ಲೋರಿನ್ ವಿಷಗಾಳಿ ಎಬ್ಬಿಸುತ್ತದೆ.

ದುಡ್ಡಿನ ಲೆಕ್ಕ ನೆನಪಿನಿಂದ: 2 ಲೀಟರಿಗೆ ಕಾಯಿ 50, ನಿಂಬೆ ಉಪ್ಪು 3 ಅಥವಾ 4, ಬೆಂಜೊಯೇಟ್ ಒಂದೆರಡು, ಗ್ಯಾಸು ಹತ್ತು. ಲೀಟರಿಗೆ 35 ರೂಪಾಯಿಯ ಒಳಗೆ. ಅಂಗಡಿಯದು 200ರ ಹತ್ತಿರ ಇದ್ದರೂ ಇದನ್ನು ಮೂರು ಪಟ್ಟು ಬಳಸಬೇಕಾಗುತ್ತದೆ, ಹಾಗಾಗಿ ನಿಜವಾದ ಉಳಿತಾಯ ಅರ್ಧದಷ್ಟು. ಕೆಟ್ಟ ಬ್ಯಾಚು, ಮೀಟರು, ಗಮ್ ಎಲ್ಲ ಸೇರಿ ಕಲಿಕೆಗೆ ಎರಡೂವರೆ ಸಾವಿರ ಹೋಗಿರಬಹುದು.

ಪಕ್ಕದ ಪ್ರಯೋಗ ಒಂದು: ನುಸಿ ಗುಳಿಗೆ, ಅಂದರೆ ನಾಫ್ತಲೀನ್ ಉಂಡೆ. ರಕ್ತಕಣ ಕಾಯುವ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವ ಹಸುಗೂಸುಗಳಿಗೆ ನಾಫ್ತಲೀನ್ ತಾಗಿದ ಬಟ್ಟೆಯಿಂದಲೇ ರಕ್ತಕಣ ಒಡೆಯಬಹುದು. ಬದಲಿಗೆ ಬಜೆ ಬೇರು ಇಟ್ಟು ನೋಡಿದೆ, ನುಸಿ ಬರಲಿಲ್ಲ. ಆದರೆ ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಪದಾರ್ಥವೂ ಸಾಧುವಲ್ಲ. ಕರ್ಪೂರ ಇಡೋಣವೆಂದರೆ, ಅದನ್ನು ಮಗು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರಬಹುದು. ಮಕ್ಕಳ ಬಟ್ಟೆಗೆ ಈಗ ಬಿಸಿಲು ಮತ್ತು ಗಾಳಿಯಾಡದ ಡಬ್ಬಿ ಅಷ್ಟೆ, ಬಜೆ ಅಟ್ಟದ ಕಂಬಳಿಗಳಿಗೆ.

ಉಳಿದ ಸಿಪ್ಪೆಯ ಚರಟವನ್ನು ಗೊಬ್ಬರದ ಗುಂಡಿಗೆ ಹಾಕಿ. ತೊಳೆದ ನೀರು ಬಾಳೆ, ಕೆಸುವಿಗೆ ಹೋದರೆ ಚಿಂತೆಯಿಲ್ಲ, ಮೀನಿರುವ ತಾವರೆ ತೊಟ್ಟಿಗೆ ಹೋಗದಂತೆ ನೋಡಿಕೊಳ್ಳಿ. ಅಂಟುವಾಳದ ನೊರೆಯಿಂದ ಮೀನು ಸಾಯುತ್ತದೆ.