ಮೂಟೆಯ ಚೀಟಿ ಕೊನೆಗೂ ನಿಂತಿತು

ಶಿರಸಿಯಿಂದ ಲಾರಿಗೆ ಹಾಕಿದ ಅಡಿಕೆ ಮೂಟೆಗಳಲ್ಲಿ ಪ್ರತಿ ಸಲ ಒಂದೆರಡರ ಚೀಟಿ ದಾರಿಯಲ್ಲೇ ಮಾಯ. ದಾರ ಗಟ್ಟಿಯೇ ಇತ್ತು. ಎತ್ತಿ ಎಳೆದಾಡುವಾಗ ರಟ್ಟಿನ ಚೀಟಿಯ ತೂತೇ ಹರಿಯುತ್ತಿತ್ತು. ಅದು ತಿಳಿಯದೆ ದಪ್ಪ ದಪ್ಪ ದಾರ ತಂದಿದ್ದೇ ತಂದಿದ್ದು!

ಈಗ ತೂತಿಗೆ ಲೋಹದ ಬಳೆ ಕೂರಿಸಿದ ಚೀಟಿ, ಎರಡೂ ತುದಿಗೆ ಕುಣಿಕೆ ಇರುವ ತಂತಿ. ತಂತಿಯನ್ನು ಚೀಟಿಯಲ್ಲಿ ತೂರಿಸಿ, ಮೂಟೆಯ ಕಿವಿಗೆ ಸುತ್ತಿ, ಎರಡೂ ಕುಣಿಕೆಗೆ ಟ್ವಿಸ್ಟರ್‌ನ (ತಂತಿ ಹುರಿ ಮಾಡುವ ಕೈಸಾಧನ) ಕೊಕ್ಕೆ ಸಿಕ್ಕಿಸಿ ಅದರ ಹಿಡಿ ಎಳೆದರೆ ಒಳಗಿನ ಸುರುಳಿ ಕಂಬಿ ಕೊಕ್ಕೆಯನ್ನು ತಿರುಗಿಸುತ್ತದೆ, ತಂತಿ ಹುರಿಗೊಳ್ಳುತ್ತದೆ. (ಕಟ್ಟಡದಲ್ಲಿ ಕಂಬಿ ಕಟ್ಟಲೂ ಇಂಥದ್ದೇ ಸಾಧನ ಬಳಸುತ್ತಾರೆ.) ಮೊದಲ ದಿನ ಹುಮ್ಮಸ್ಸಿನಲ್ಲಿ ಐದಾರು ಸಲ ಎಳೆದೆ, ತಂತಿ ತುಂಡಾಯಿತು. ನನ್ನ ತಂತಿಗೆ ಮೂರೇ ಎಳೆತ ಸಾಕು. ತುದಿ ಒಳಕ್ಕೆ ಮಡಚದಿದ್ದರೆ ಹಮಾಲರ ಕೈ ಗೀರುತ್ತದೆ, ಬೈಗುಳ ನಮಗೆ.