ವಿಧಿವಿಜ್ಞಾನ ವರದಿ ‘ಹೊಂದುತ್ತದೆ’ ಎಂದರೆ ಏನೇನು ಕೇಳಬೇಕು?

ವರದಿಯ ಕೊನೆಯಲ್ಲಿ ‘ಎರಡೂ ಮಾದರಿ ಹೊಂದುತ್ತವೆ’ ಎಂದಷ್ಟೇ ಇದ್ದರೆ ಅದು ಅರ್ಧ ಮಾತು. ಬೇರೆಯವರ ಮಾದರಿಯೂ ಹೀಗೇ ಹೊಂದುವ ಸಾಧ್ಯತೆ ಎಷ್ಟು? ಪರೀಕ್ಷಿಸಿದವರು ತಪ್ಪುವ ಸಾಧ್ಯತೆ ಎಷ್ಟು? ಈ ಎರಡು ಅಂಕಿ ಕೈಗೆ ಬರುವ ತನಕ ಆ ಸಾಕ್ಷ್ಯದ ತೂಕ ಹೇಳಲಾಗದು.

ಮೊದಲು ಡಿಎನ್‌ಎ. ಸಂಬಂಧವೇ ಇಲ್ಲದ ವ್ಯಕ್ತಿ ಹೊಂದುವ ಸಾಧ್ಯತೆ 10 ಲಕ್ಷಕ್ಕೆ 1 ಎಂದು ವರದಿಯಲ್ಲಿದೆ ಎನ್ನೋಣ. ವಾದ ಮಂಡನೆಯ ಹೊತ್ತಿಗೆ ಇದು ‘ಆರೋಪಿ ನಿರಪರಾಧಿಯಾಗಿರುವ ಸಾಧ್ಯತೆ 10 ಲಕ್ಷಕ್ಕೆ 1’ ಎಂದು ತಿರುಗಿಬಿಡುತ್ತದೆ. ಅಲ್ಲೇ ತಡೆಯಿರಿ. ಕೃತ್ಯ ಎಸಗಿರಬಹುದಾದವರು 50 ಲಕ್ಷ ಮಂದಿ ಇದ್ದರೆ, ನಿಜವಾದ ಅಪರಾಧಿಯಲ್ಲದೆ ಸುಮಾರು 5 ಜನ ಆಕಸ್ಮಿಕವಾಗಿ ಹೊಂದುತ್ತಾರೆ. ಬೇರೆ ಸಾಕ್ಷ್ಯವೇ ಇಲ್ಲದಿದ್ದರೆ ಆರೋಪಿಯೇ ಅಪರಾಧಿ ಎನ್ನುವ ಸಾಧ್ಯತೆ 6ಕ್ಕೆ 1 ಮಾತ್ರ. ಒಡಹುಟ್ಟಿದವರ ಮೇಲೆ ಅನುಮಾನವಿದ್ದರೆ ಅವರಿಗೆ ಪ್ರತ್ಯೇಕ ಲೆಕ್ಕ ಬೇಕು.

ಮಾದರಿ ಅದಲುಬದಲಾಗಿಯೋ ಕಲಬೆರಕೆಯಾಗಿಯೋ ಸುಳ್ಳು ಹೊಂದಿಕೆ ಬರುವುದು 1,000ಕ್ಕೆ 1 ಎಂದಿಟ್ಟುಕೊಂಡರೂ ಸಾಕು, ಆ 10 ಲಕ್ಷದ ಅಂಕಿ ಲೆಕ್ಕಕ್ಕೇ ಬರುವುದಿಲ್ಲ. ಜರ್ಮನಿಯಲ್ಲಿ ಹತ್ತಾರು ಅಪರಾಧ ಸ್ಥಳಗಳಲ್ಲಿ ಸಿಕ್ಕ ಒಬ್ಬಳೇ ಹೆಂಗಸಿನ ಡಿಎನ್‌ಎ, ಮಾದರಿ ಒರೆಸುವ ಹತ್ತಿಕಡ್ಡಿಯ ತಯಾರಿಕೆಯಲ್ಲಿದ್ದ ಕಾರ್ಮಿಕಳದ್ದು ಎಂದು 2009ರಲ್ಲಿ ಬಯಲಾಯಿತು. ಬಳಸದ ಕಡ್ಡಿಯನ್ನೂ ಪರೀಕ್ಷಿಸಿದ ದಾಖಲೆ ಕೇಳುವುದು ಇದಕ್ಕೇ.

ಬೆರಳಚ್ಚು ತಜ್ಞರನ್ನು ‘ಎಷ್ಟು ವರ್ಷದ ಅನುಭವ?’ ಎಂದು ಕೇಳಿ ಪ್ರಯೋಜನವಿಲ್ಲ. ಸರಿಯುತ್ತರ ಮೊದಲೇ ಗೊತ್ತಿರುವ ಅಚ್ಚುಗಳನ್ನು ಗುಟ್ಟಾಗಿ ಕೊಟ್ಟಾಗ ಎಷ್ಟು ಸಲ ತಪ್ಪಿದರು ಎಂದು ಕೇಳಿ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ವ್ಯಕ್ತಿಗಳ ಅಚ್ಚುಗಳ ಬಗ್ಗೆ ಕೊಟ್ಟ 3,628 ಖಚಿತ ತೀರ್ಮಾನಗಳಲ್ಲಿ 6 ಸುಳ್ಳು ಹೊಂದಿಕೆ. ಅಂದರೆ ಸುಮಾರು 604ಕ್ಕೆ 1. ಶೇ 95 ವಿಶ್ವಾಸದ ಮೇಲ್ಮಿತಿ (ನಿಜವಾದ ತಪ್ಪು ಇದನ್ನು ಮೀರದು ಎಂದು ಶೇ 95ರಷ್ಟು ಭರವಸೆಯಿಂದ ಹೇಳಬಹುದಾದ ಅಂಕಿ) ಹಿಡಿದರೆ 306ಕ್ಕೆ 1. ‘ಹೇಳಲಾಗದು’ ಎಂದು ಕೈಬಿಟ್ಟವನ್ನು ಛೇದಕ್ಕೆ ಸೇರಿಸಿದರೆ ತಪ್ಪಿನ ಪ್ರಮಾಣ ಕಡಿಮೆ ಕಾಣುತ್ತದೆ, ಹಾಗಾಗಿ ಅವನ್ನು ಬೇರೆಯಾಗಿ ಎಣಿಸಿ. ‘100 ಪರೀಕ್ಷೆ, ಒಂದೂ ತಪ್ಪಿಲ್ಲ’ ಎಂಬ ಉತ್ತರ ಬಂದರೆ, ಅದೇ ಮೇಲ್ಮಿತಿಯನ್ನು ಅಂದಾಜಿಸಲು 3ನ್ನು 100ರಿಂದ ಭಾಗಿಸಿ: ನಿಜವಾದ ತಪ್ಪಿನ ಪ್ರಮಾಣ ಶೇ 3ರವರೆಗೂ ಇರಬಹುದು.

ಕಚ್ಚಿದ ಗುರುತಿಗೆ ಇಷ್ಟು ಲೆಕ್ಕವೂ ಬೇಡ. ಅಮೆರಿಕ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ 2016ರಲ್ಲೇ ಆ ವಿಧಾನಕ್ಕೆ ವೈಜ್ಞಾನಿಕ ಬುನಾದಿಯಿಲ್ಲ ಎಂದಿದೆ.

ಒಂದು ಪುಟದ ವರದಿಯ ಜೊತೆ ಪ್ರಯೋಗಾಲಯದ ಮೂಲ ಟಿಪ್ಪಣಿಗಳನ್ನೂ ತರಿಸಿಕೊಳ್ಳಿ. ಸ್ಥಳದಲ್ಲಿ ಸಿಕ್ಕ ಅಚ್ಚಿನ ಗೆರೆ ಒಡೆದ, ಕವಲಾದ ಜಾಗಗಳನ್ನು ಆರೋಪಿಯ ಅಚ್ಚು ನೋಡುವ ಮುನ್ನ ಗುರುತಿಸಿದ್ದರೋ, ನೋಡಿದ ಮೇಲೋ? ಮಸುಕಾದ ಅಚ್ಚಿನಲ್ಲಿ, ಪಕ್ಕದಲ್ಲಿರುವುದನ್ನು ನೋಡಿದ ಕಣ್ಣಿಗೆ ಇಲ್ಲದ ಕವಲೂ ಕಾಣುತ್ತದೆ. 2004ರ ಮ್ಯಾಡ್ರಿಡ್ ಸ್ಫೋಟದ ತನಿಖೆಯಲ್ಲಿ ಎಫ್‌ಬಿಐ ತಜ್ಞರು ಅಚ್ಚು ಯಾರದೆಂದು ಗುರುತಿಸುವಲ್ಲಿ ಎಡವಿದ್ದಕ್ಕೆ ಇದೂ ಒಂದು ಕಾರಣ. ಟಿಪ್ಪಣಿಯಲ್ಲಿ ಈ ಕ್ರಮ, ದಿನಾಂಕ, ಸಮಯ ಇಲ್ಲವೆಂದಾದರೆ ಪಾಟೀಸವಾಲನ್ನು ಅಲ್ಲಿಂದಲೇ ಶುರುಮಾಡಿ.