ಮೋಟರ್‌ಹೋಮ್ ಡೀಸೆಲ್ ಇಂಜಿನ್‌ಗೆ ಹೊಸ ಫ್ಯಾನ್ ತರುವ ಮುನ್ನ

ಇಂಜಿನ್ ಅತಿಯಾಗಿ ಕಾಯುತ್ತಿದೆ ಎಂದು ಫ್ಯಾನ್ ಬದಲಿಸಲು ಹೊರಟಿದ್ದರೆ, ಮೊದಲು ರೇಡಿಯೇಟರ್ ಮತ್ತು ಚಾರ್ಜ್ ಏರ್ ಕೂಲರ್ (ಟರ್ಬೊದಿಂದ ಇಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುವ ಭಾಗ) ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಇಂಜಿನ್ ಹಿಂದಿರುವ ಗಾಡಿಗಳಲ್ಲಿ ಬ್ರೀದರ್‌ನಿಂದ (ಇಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಕೊಳವೆ) ಬರುವ ಎಣ್ಣೆ ಆವಿಗೆ ಧೂಳು ಅಂಟಿ, ಅಲ್ಲಿ ಕಂಬಳಿಯಂತೆ ಕೂತಿರುತ್ತದೆ. ಅದನ್ನು ತೊಳೆಯದೆ ಎಂಥ ಫ್ಯಾನ್ ಹಾಕಿದರೂ ದಂಡ.

ವ್ಯಾಸ ಒಂದನ್ನೇ ಅಳೆದು ತರಬೇಡಿ. ರೆಕ್ಕೆಗಳ ಸಂಖ್ಯೆ, ಅವುಗಳ ಓರೆ, ನಡುವಿನ ಹಬ್‌ನ ಬೋಲ್ಟ್ ಅಂತರ, ತಿರುಗುವ ದಿಕ್ಕು ಎಲ್ಲವೂ ಹೊಂದಬೇಕು. ದಿಕ್ಕು ತಪ್ಪಿದ ಫ್ಯಾನನ್ನು ಮಗುಚಿ ಕೂರಿಸಿದರೆ ಗಾಳಿ ಬೀಸುವ ದಿಕ್ಕು ಬದಲಾಗುವುದಿಲ್ಲ, ಗಾಳಿಯ ಪ್ರಮಾಣ ಮಾತ್ರ ಕುಸಿಯುತ್ತದೆ.

ಪುಲ್ಲಿ (ಬೆಲ್ಟ್ ಓಡುವ ಗಾಲಿ) ಬದಲಿಸಿ ಫ್ಯಾನ್ ವೇಗ ಏರಿಸುವುದು ದುಬಾರಿ ದಾರಿ: ವೇಗ ಶೇ. 10 ಹೆಚ್ಚಿದರೆ ಗಾಳಿ ಶೇ. 10 ಹೆಚ್ಚುತ್ತದೆ, ಆದರೆ ಫ್ಯಾನ್ ನುಂಗುವ ಶಕ್ತಿ ಸುಮಾರು ಶೇ. 33 ಏರುತ್ತದೆ. ಅದಕ್ಕಿಂತ ಶ್ರೌಡ್‌ನ (ಫ್ಯಾನ್ ಸುತ್ತಲಿನ ಕವಚ) ಬಿರುಕು ಮುಚ್ಚಿ, ರೆಕ್ಕೆಯ ತುದಿಗೂ ಶ್ರೌಡ್‌ಗೂ ನಡುವಿನ ಅಂತರ ಕಡಿಮೆ ಮಾಡಿ. ಇಂಜಿನ್ ಅಲುಗಾಡಿದಾಗ ತಾಗದಷ್ಟು ಜಾಗ ಮಾತ್ರ ಉಳಿಯಲಿ.